ಕ್ಯಾಡ್ ತಂತ್ರಾಂಶದ ಒಡೆತನ: ‘ಸ್ವಾಧೀನ’, ‘ಚಂದಾ’, ‘ಲಾವಣಿ’ ಪದಗಳ ಬಗ್ಗೆ

ಮಾನ್ಯರೇ,

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಮತ್ತು ಮಷಿನ್ ಶಾಪ್‌ಗಳಲ್ಲಿ ಕೆಲಸಕ್ಕೆ ಸೇರುವ ಐಟಿಐ ಹಾಗೂ ಡಿಪ್ಲೊಮಾ ಹುಡುಗರಿಗಾಗಿ ಕ್ಯಾಡ್ ತಂತ್ರಾಂಶಗಳ (ಕಂಪ್ಯೂಟರಿನಲ್ಲಿ ಡ್ರಾಯಿಂಗ್, ಮಾಡೆಲ್ ತಯಾರಿಸುವ ಪ್ರೋಗ್ರಾಮುಗಳ) ಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡ್ರಾಯಿಂಗ್, ಮಾಡೆಲ್, ಪ್ಯಾಟರ್ನ್ ಮುಂತಾದ ಕಸಬಿನ ಪದಗಳು ಅಲ್ಲಿ ಎಲ್ಲರ ಬಾಯಲ್ಲೂ ಇವೆ; ತೊಡಕಾಗಿರುವುದು ಒಡೆತನವನ್ನು ಸೂಚಿಸುವ ಪದಗಳು.

ಇಂದು ಎನ್‌ಎಕ್ಸ್ ಎನ್ನಿಸಿಕೊಂಡಿರುವ ಕ್ಯಾಡ್ ತಂತ್ರಾಂಶದ ಮೂಲ ಯುನಿಗ್ರಾಫಿಕ್ಸ್. ಅದನ್ನು ಬೆಳೆಸಿದ ಯುನೈಟೆಡ್ ಕಂಪ್ಯೂಟಿಂಗ್ ಸಂಸ್ಥೆಯನ್ನು 1976ರಲ್ಲಿ ವಿಮಾನ ತಯಾರಕ ಮೆಕ್‌ಡೊನೆಲ್ ಡಗ್ಲಸ್ ಕೊಂಡಿತು. 1991ರಲ್ಲಿ ಅದು ಇಡಿಎಸ್ ಎಂಬ ಕಂಪ್ಯೂಟರ್ ಸೇವಾ ಕಂಪನಿಯ ಕೈಗೆ, 2004ರಲ್ಲಿ ಮೂರು ಹೂಡಿಕೆ ಸಂಸ್ಥೆಗಳ ಕೂಟಕ್ಕೆ, 2007ರಲ್ಲಿ 350 ಕೋಟಿ ಡಾಲರಿಗೆ ಸೀಮೆನ್ಸ್‌ಗೆ ಹೋಯಿತು. ನಡುವೆ, 2001ರಲ್ಲಿ, ಇಡಿಎಸ್ ಕಂಪನಿಯು ಎಸ್‌ಡಿಆರ್‌ಸಿ ಎಂಬ ಇನ್ನೊಂದು ಕ್ಯಾಡ್ ಸಂಸ್ಥೆಯನ್ನೂ ಕೊಂಡದ್ದರಿಂದ ಅದರ ಐ-ಡಿಯಾಸ್ ತಂತ್ರಾಂಶ ಕ್ರಮೇಣ ಎನ್‌ಎಕ್ಸ್‌ನಲ್ಲಿ ಕರಗಿತು. ಆದರೆ 1997ರಲ್ಲಿ ಫ್ರಾನ್ಸಿನ ದಸೋ ಸಿಸ್ಟಮ್ಸ್ ಕಂಪನಿ ಕೊಂಡ ಸಾಲಿಡ್‌ವರ್ಕ್ಸ್ ಎಂಬ ಕ್ಯಾಡ್ ತಂತ್ರಾಂಶ ತನ್ನ ಹೆಸರಿನಲ್ಲೇ ಉಳಿದಿದೆ. 1998ರಲ್ಲಿ ಇಂಟರ್‌ಗ್ರಾಫ್ ಸಂಸ್ಥೆ ತನ್ನ ಸಾಲಿಡ್ ಎಡ್ಜ್ ತಂತ್ರಾಂಶವನ್ನು ಯುನಿಗ್ರಾಫಿಕ್ಸ್ ತಂತ್ರಾಂಶದ ಸಂಸ್ಥೆಗೆ ಮಾರಿದಾಗ ಮಾರಾಟವಾದದ್ದು ಸರಕು ಮಾತ್ರ, ಸಂಸ್ಥೆಯಲ್ಲ.

ಪತ್ರಿಕೆಗಳು ಇವೆಲ್ಲಕ್ಕೂ ‘ಸ್ವಾಧೀನ’ ಎಂದೇ ಬರೆಯುತ್ತವೆ. ನಮ್ಮ ಭಾಗದ ಓದುಗನಿಗೆ ಆ ಪದ ಕೇಳಿದೊಡನೆ ನೆನಪಾಗುವುದು ಸರ್ಕಾರ ನಡೆಸುವ ಭೂಸ್ವಾಧೀನ. ಹೊಲದ ಉತಾರದಲ್ಲಂತೂ (ಪಹಣಿಯಲ್ಲಿ) ‘ಸ್ವಾಧೀನದಾರ’ ಎಂದರೆ ಜಮೀನು ಯಾರ ವಶದಲ್ಲಿದೆಯೋ ಅವರು. ಇಬ್ಬರೂ ಒಪ್ಪಿ ಮಾಡಿಕೊಂಡ ವ್ಯವಹಾರಕ್ಕೆ ‘ಖರೀದಿ’, ಒಂದು ಇನ್ನೊಂದರಲ್ಲಿ ಹೆಸರಿಲ್ಲದಂತೆ ಸೇರಿಹೋದಾಗ ಮಾತ್ರ ‘ವಿಲೀನ’ ಎಂದು ಬಳಸುವುದು ಸರಿಯೆಂದು ನನ್ನ ಅಭಿಪ್ರಾಯ.

ಇದಕ್ಕಿಂತ ಕಠಿಣವಾದದ್ದು ಬಳಸುವವನ ಹಕ್ಕು. ಮೈಕ್ ರಿಡಲ್ ಅವರ ‘ಇಂಟರಾಕ್ಟ್’ ಪ್ರೋಗ್ರಾಮಿನಿಂದ ಬೆಳೆದು 1982ರ ಡಿಸೆಂಬರಿನಲ್ಲಿ ಹೊರಬಂದ ಆಟೋಕ್ಯಾಡ್‌ಗೆ ಇಂದಿಗೂ ಆಟೋಡೆಸ್ಕ್ ಸಂಸ್ಥೆಯೇ ಒಡೆಯ. ಆದರೂ 2016ರಲ್ಲಿ ಶಾಶ್ವತ ಪರವಾನಗಿಯ (ಒಮ್ಮೆ ಹಣ ಕೊಟ್ಟು ಸದಾ ಬಳಸುವ ಹಕ್ಕಿನ) ಹೊಸ ಮಾರಾಟವನ್ನು ಆಟೋಡೆಸ್ಕ್ ನಿಲ್ಲಿಸಿದಾಗ, ಒಡೆಯ ಬದಲಾಗದೆಯೇ ಬಳಸುವವನ ಸ್ಥಿತಿ ಬದಲಾಯಿತು. ಇಂತಿಷ್ಟು ಅವಧಿಗೆಂದು ಹಣ ಕಟ್ಟಿ ಬಳಸುವ ಈ ಹೊಸ ಪದ್ಧತಿಗೆ ಎಲ್ಲರೂ ಬಳಸುವ ‘ಚಂದಾ’ ಪದವನ್ನು ಒಪ್ಪಲು ನನಗೆ ಮನಸ್ಸಾಗುತ್ತಿಲ್ಲ. ಪತ್ರಿಕೆಯ ಚಂದಾ ಮುಗಿದರೂ ಹಳೆಯ ಸಂಚಿಕೆಗಳು ಮನೆಯಲ್ಲೇ ಇರುತ್ತವೆ, ಬೇಕೆಂದಾಗ ತೆಗೆದು ಓದಬಹುದು. ಇಲ್ಲಿ ಅವಧಿ ಮುಗಿದರೆ ತಂತ್ರಾಂಶವೇ ತೆರೆಯುವುದಿಲ್ಲ.

ಬೆಳಗಾವಿ, ಬಾಗಲಕೋಟೆ ಕಡೆ ಹೊಲವನ್ನು ‘ಲಾವಣಿಗೆ ಹಾಕುವುದು’ ಎನ್ನುತ್ತೇವೆ. ನಿಗದಿಯಾದ ಹಣ ಕೊಟ್ಟವನು ಅವಧಿಯವರೆಗೆ ಉಳುತ್ತಾನೆ, ಬೆಳೆ ಅವನದು, ಭೂಮಿ ಮಾತ್ರ ಮಾಲೀಕನದು. ಕ್ಯಾಡ್ ಬಳಸಿ ಹುಡುಗ ತೆಗೆದ ಡ್ರಾಯಿಂಗ್ ಅವನ ಶಾಪಿನದು, ತಂತ್ರಾಂಶ ಮಾತ್ರ ಕಂಪನಿಯದು ಎಂಬ ಭೇದವನ್ನು ಈ ಪದ ಒಂದೇ ಏಟಿಗೆ ತಿಳಿಸುತ್ತದೆ. ಸಾಲಿಡ್‌ವರ್ಕ್ಸ್‌ನ ಒಳಗಿರುವ, ಆಕಾರಗಳ ಲೆಕ್ಕ ಮಾಡುವ ಪ್ಯಾರಾಸಾಲಿಡ್ ಎಂಬ ಭಾಗ ಪ್ರತಿಸ್ಪರ್ಧಿಯಾದ ಸೀಮೆನ್ಸ್‌ಗೆ ಸೇರಿದ್ದು. ದಸೋ ಅದನ್ನು ಪರವಾನಗಿಯ ಮೇಲೆ ಬಳಸುತ್ತದೆ. ಅಂಥ ಕಡೆ ‘ಪರವಾನಗಿ’ ಪದವೇ ಸಾಕು, ಏಕೆಂದರೆ ಅದು ಕಂಪನಿ ಕಂಪನಿಗಳ ನಡುವಿನ ಕರಾರು.

ಆದರೆ ಮೈಸೂರು ಕಡೆಯ ಓದುಗರಿಗೆ ‘ಲಾವಣಿ’ ಎಂದರೆ ಹಾಡು. ಹೊಲದ ಇಂಥ ಒಪ್ಪಂದಕ್ಕೆ ಅವರು ಬಳಸುವ ‘ಗುತ್ತಿಗೆ’ ನಮ್ಮಲ್ಲಿ ರಸ್ತೆ, ಕಟ್ಟಡಗಳ ಕಾಂಟ್ರಾಕ್ಟಿನ ಅರ್ಥವನ್ನೇ ಹೆಚ್ಚಾಗಿ ಪಡೆದಿದೆ. ‘ಬಾಡಿಗೆ’ ಎಲ್ಲೆಡೆ ತಿಳಿಯುತ್ತದೆಯಾದರೂ ಬೆಳೆ ಯಾರದು ಎಂಬ ಅಂಶ ಅದರಲ್ಲಿ ಬರುವುದಿಲ್ಲ. ಹೀಗಾಗಿ ಬಲ್ಲವರಲ್ಲಿ ಕೇಳುತ್ತಿದ್ದೇನೆ: ಸಾಗುವಳಿ ಮಾಡುವವನಿಗೆ ಫಸಲಿನ ಪೂರ್ಣ ಹಕ್ಕು ಉಳಿಯುವ ಇಂಥ ಒಪ್ಪಂದಕ್ಕೆ ದಕ್ಷಿಣದ ಜಿಲ್ಲೆಗಳಲ್ಲೂ ವಿಜಯಪುರದ ಕಡೆಯೂ ಬಳಕೆಯಲ್ಲಿರುವ ಬೇರೆ ಪದವಿದೆಯೇ? ಇಲ್ಲವಾದರೆ, ಮೊದಲ ಬಳಕೆಯಲ್ಲಿ ಅರ್ಥ ವಿವರಿಸಿ ‘ಲಾವಣಿ’ಯನ್ನೇ ಉಳಿಸಿಕೊಳ್ಳಲು ತಮ್ಮ ಒಪ್ಪಿಗೆ ಇದೆಯೇ?