ಸಿಗರೇಟು ಬಿಟ್ಟವರು ಅನುಭವ ಹೇಳಿ: ಗಮ್ ತಗೊಳ್ಳುವುದಾ, ಒಂದೇ ಸಲ ನಿಲ್ಲಿಸುವುದಾ?

ಉಪ್ಪಳದವ:
ಪ್ರಾಯ 37. ದಿನಕ್ಕೆ 12–14 ಸಿಗರೇಟು, 16 ವರ್ಷದಿಂದ. ಹೆಂಡತಿಗೆ ಈಗ ಐದು ತಿಂಗಳು, ನನ್ನ ಅಂಗಿ ಹತ್ತಿರ ಬಂದರೂ ಅವಳಿಗೆ ವಾಕರಿಕೆ. ಎರಡು ಸಲ ಬಿಟ್ಟು ಮೂರನೇ ದಿವಸಕ್ಕೆ ಸೋತಿದ್ದೇನೆ. ಬೆಳಿಗ್ಗೆ ಎದ್ದ ಹತ್ತು ನಿಮಿಷದೊಳಗೆ ಒಂದು ಬೇಕೇ ಬೇಕು. ನಿಕೋಟಿನ್ ಗಮ್ 2 ಎಂ.ಜಿ. ಸಾಕಾ, 4 ಬೇಕಾ? ಬಿಟ್ಟವರು ಮಾತ್ರ ಹೇಳಿ. ಉಪದೇಶ ಮನೆಯಲ್ಲೇ ಸಿಗ್ತದೆ.

ಸೀತಾಂಗೋಳಿ ಭಾವ:
ನಾನು ಬಿಟ್ಟು 2 ವರ್ಷ 4 ತಿಂಗಳಾಯ್ತು, ಗಮ್ಮಿನಲ್ಲೇ. ಡೈರಿಯಲ್ಲಿ ಲೆಕ್ಕ ಉಂಟು. ಒಂದಕ್ಕೆ 18 ರೂಪಾಯಿ, ದಿನಕ್ಕೆ 15, ತಿಂಗಳಿಗೆ 8,100 ಹೊಗೆಗೆ ಹೋಗ್ತಿತ್ತು. ಗಮ್ಮಿಗೆ ಮೊದಲ ತಿಂಗಳು 3,300, ಎರಡನೇ ತಿಂಗಳು 2,400, ಮೂರನೇ ತಿಂಗಳು 1,150. ಮೊದಲ ವಾರ ಮಕ್ಕಳ ಬಬಲ್‌ಗಮ್ಮಿನ ಹಾಗೆ ಜಗಿದು ಜಗಿದು ಜೊಲ್ಲು ನುಂಗಿದೆ. ಬಿಕ್ಕಳಿಕೆ, ಎದೆಯುರಿ, ರಾತ್ರಿ ನಿದ್ರೆ ಇಲ್ಲ. ಮೆಡಿಕಲಿನವ ಒಂದು ಮಾತು ಹೇಳಿದ್ದರೆ ಏನು ಗಂಟು ಹೋಗ್ತಿತ್ತು? ನಿಧಾನಕ್ಕೆ ಜಗಿದು, ನಾಲಗೆ ಚುರುಗುಟ್ಟಿದ ಕೂಡಲೇ ಕೆನ್ನೆ ಬದಿಗೆ ಒತ್ತಿಡಬೇಕು. ಚುರುಕು ಇಳಿದ ಮೇಲೆ ಪುನಃ ಜಗಿಯುವುದು. ಹಾಗೆ ಅರ್ಧ ಗಂಟೆ. ಚಾ, ಕಾಫಿ, ಲಿಂಬೆ ಸೋಡಾ ಕುಡಿದು ಕಾಲು ಗಂಟೆ ಆಗುವ ಮೊದಲು ಬಾಯಿಗೆ ಹಾಕಿದರೆ ಅದು ಹಿಡಿಯುವುದಿಲ್ಲ, ದುಡ್ಡು ದಂಡ. ಹತ್ತನೇ ದಿವಸ ಹಲ್ಲಿನ ಫಿಲ್ಲಿಂಗ್ ಗಮ್ಮಿಗೆ ಅಂಟಿ ಎದ್ದು ಬಂತು. ಮಂಗಳೂರಿಗೆ ಎರಡು ಸಲ ಹೋಗಿ ಕ್ಯಾಪ್ ಹಾಕಿಸಿದ್ದು 4,500, ಬಸ್ಸಿನದ್ದು ಬೇರೆ. ಅದನ್ನೂ ಸಿಗರೇಟಿನ ಖಾತೆಗೇ ಬರೆದೆ. 20 ದಿವಸ ಮಲಬದ್ಧತೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳ್ತೇನೆ.

ಪೆರ್ಲದ ಹಳಬ:
ಗಮ್ಮಂತೆ! ಕಳ್ಳು ಬಿಡಲಿಕ್ಕೆ ಸಾರಾಯಿ ಕುಡಿದ ಹಾಗೆ. ನಾನು ಬಿಟ್ಟದ್ದು ಒಂದೇ ರಾತ್ರಿಯಲ್ಲಿ, ಮಾರ್ಚ್ 2020. ದಿನಕ್ಕೆ ನಾಲ್ಕೇ ಸಿಗರೇಟು, ನಾಲ್ಕರಿಂದ ಹೃದಯಕ್ಕೆ ಏನಾಗ್ತದೆ ಅಂತ ಇದ್ದವ ನಾನು. ಎಡಗೈ ಸೆಳೆತ, ತಣ್ಣನೆ ಬೆವರು. ನಮಗೆ ದೊಡ್ಡ ಆಸ್ಪತ್ರೆ ಅಂದ್ರೆ ಅಜ್ಜನ ಕಾಲದಿಂದ ಮಂಗಳೂರು. ಆ ವಾರ ಕೊರೋನಾ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಬಂದ್, ಒಳದಾರಿಗೆಲ್ಲ ಮಣ್ಣು ಸುರಿದಿದ್ದರು. ತಿರುಗಿ ಕಣ್ಣೂರು ಕಡೆಗೆ ಹೋಗಬೇಕಾಯ್ತು, ಮೂರು ಗಂಟೆ, ಅಂಬುಲೆನ್ಸಿಗೆ 6,500. ಹೃದಯದ ರಕ್ತನಾಳ ತೆರೆದಿಡಲಿಕ್ಕೆ ಹಾಕುವ ಸ್ಟೆಂಟಿಗೆ ಸರಕಾರ 2017ರಲ್ಲೇ ದರ ಕಟ್ಟಿದೆ, ನನ್ನ ಬಿಲ್ಲಿನಲ್ಲೂ ಅದು 30 ಸಾವಿರದ ಆಚೀಚೆ ಇತ್ತು. ಆದರೆ ಒಟ್ಟು ಬಿಲ್ಲು 1,84,000! ಬಲೂನು, ವಯರು, ಐಸಿಯು, "ಇತರೆ". ಆ "ಇತರೆ" ಏನು ಅಂತ ಈಗಲೂ ನನಗೆ ಗೊತ್ತಿಲ್ಲ. ಅದರ ನಂತರ ಒಂದು ಎಳೆತ ಇಲ್ಲ. ಗಂಡಸಿಗೆ ಮನಸ್ಸು ಗಟ್ಟಿ ಇದ್ದರೆ ಸಾಕು.

ಸೀತಾಂಗೋಳಿ ಭಾವ:
ಮನಸ್ಸು ಗಟ್ಟಿಯಲ್ಲ ಮಾರಾಯ್ರೆ, ಹೆದರಿಕೆ. ಐಸಿಯುವಿನಲ್ಲಿ ಮಲಗಿಸಿದರೆ ನನ್ನ ಅಜ್ಜನೂ ಬಿಡ್ತಿದ್ದರು.

ಹೊಸಂಗಡಿ ಮಣಿ:
ಗಡಿ ಬಂದ್ ಮಾಡಿದ್ದು ರೋಗ ಬಾರದ ಹಾಗೆ. ಅದನ್ನು ಇಲ್ಲಿ ಯಾಕೆ ಎಳೆಯುವುದು?

ಪೆರ್ಲದ ಹಳಬ:
ನಿಮ್ಮ ಮನೆಯವರು ಆ ಅಂಬುಲೆನ್ಸಿನಲ್ಲಿ ಇರಲಿಲ್ಲ, ಅದಕ್ಕೆ ಹಾಗೆ ಹೇಳ್ತೀರಿ.

ಬಂದ್ಯೋಡಿನ ಅಕ್ಕ:
ನಾನು ಎಳೆಯುವವಳಲ್ಲ, ಬೀಡಿ ಕಟ್ಟುವವಳು. 26 ವರ್ಷ ಆಯ್ತು. ತಡ್ಪೆ (ಮೊರ) ಮಡಿಲಲ್ಲಿ ಇಟ್ಟು ಕೂತರೆ ರಾತ್ರಿ ಹತ್ತರವರೆಗೆ. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಚೆಕ್ಕಿಂಗ್‌ನವ ಬದಿಗೆ ತೆಗೆದು ಹಾಕಿದ ಬೀಡಿಯೆಲ್ಲ ನಮ್ಮ ಯಜಮಾನರ ಕಿಸೆಗೆ. ಪುಕ್ಕಟೆ ಬೀಡಿ, ದಿನಕ್ಕೆ ಎರಡು ಕಟ್ಟು. ಮೊದಲು ನಡೆಯುವಾಗ ಕಾಲು ಸೆಳೆತ ಅಂದರು, ಎಣ್ಣೆ ತಿಕ್ಕಿದೆ. ಮತ್ತೆ ಹೆಬ್ಬೆರಳು ನೀಲಿ, ಆಮೇಲೆ ಕಪ್ಪು. ಸಕ್ಕರೆ ಕಾಯಿಲೆ ಇಲ್ಲ, ವಯಸ್ಸು 41. ಕಾಲಿನ ರಕ್ತನಾಳ ಬೀಡಿಯಿಂದ ಕಟ್ಟಿಹೋಗಿದೆ, ಬಿಡದಿದ್ದರೆ ಯಾವ ಮದ್ದೂ ಹಿಡಿಯುವುದಿಲ್ಲ ಅಂದರು ಡಾಕ್ಟ್ರು. ಬರ್ಗರ್ ಕಾಯಿಲೆ ಅಂತ ಹೆಸರು. ಒಂದು ಬೆರಳು ತೆಗೆದರು. ಇವರು ಬಾತ್‌ರೂಮಿನಲ್ಲಿ ಕದ್ದು ಎಳೆದರು. ಇನ್ನೆರಡು ತೆಗೆದರು. ಮೂರನೇ ಸಲ ಪಾದದ ಅರ್ಧ. ಬೆಳ್ಳಿಯ ಸೊಂಟಪಟ್ಟಿ ಅಡವಿಟ್ಟದ್ದು ಇನ್ನೂ ಬಿಡಿಸಿಕೊಂಡಿಲ್ಲ. ಈಗ ಬಿಟ್ಟಿದ್ದಾರೆ, ಗಾಯ ಮಾಯ್ದಿದೆ.

ಹೊಸಂಗಡಿ ಮಣಿ:
ಅಕ್ಕಾ, ಅಷ್ಟೆಲ್ಲ ಆದಮೇಲೂ ಆ ವಿಷವನ್ನೇ ಕಟ್ಟುತ್ತೀರಲ್ಲ?

ಬಂದ್ಯೋಡಿನ ಅಕ್ಕ:
ಎರಡು ಹೆಣ್ಣುಮಕ್ಕಳ ಕಾಲೇಜು ಫೀಸು ನೀವು ಕಟ್ಟಿದ್ದಲ್ಲ ತಮ್ಮಾ, ಬೀಡಿ ಕಟ್ಟಿದ್ದು. ಬೇರೆ ಕೆಲಸ ಉಂಟಾದರೆ ನಾಳೆಯೇ ತಡ್ಪೆ ಒಲೆಗೆ ಹಾಕ್ತೇನೆ.

ನೀರ್ಚಾಲಿನ ನರ್ಸ್:
ಪೆರ್ಲದ ಅಣ್ಣಾ, ಸಾರಾಯಿ ಲೆಕ್ಕ ತಪ್ಪು. ಚಟ ಹಿಡಿಸುವುದು ನಿಕೋಟಿನ್. ಹೊಗೆ ಎಳೆದರೆ ಹತ್ತು ಸೆಕೆಂಡಿನಲ್ಲಿ ತಲೆಗೆ ಮುಟ್ಟುತ್ತದೆ, ಅದಕ್ಕೇ ಅಷ್ಟು ಹಿಡಿತ. ಶ್ವಾಸಕೋಶ, ರಕ್ತನಾಳ ಹಾಳು ಮಾಡುವುದರಲ್ಲಿ ಹೆಚ್ಚಿನ ಪಾಲು ಟಾರು, ಕಾರ್ಬನ್ ಮೊನಾಕ್ಸೈಡಿನದ್ದು. ಅವು ಗಮ್ಮಿನಲ್ಲಿ ಇಲ್ಲ. ಹಾಗಂತ ನಿಕೋಟಿನ್ ಸಾಧು ಅಲ್ಲ, ನಾಡಿ ಮತ್ತು ಬಿಪಿ ಏರಿಸ್ತದೆ. ಸೀತಾಂಗೋಳಿ ಭಾವನ ನಿದ್ರೆ ಕೆಟ್ಟದ್ದರಲ್ಲಿ ಕಾಫಿಯ ಪಾಲೂ ಇರಬಹುದು. ಸೇದುವವರ ಮೈಯಲ್ಲಿ ಕಾಫಿಯ ಅಮಲು ಬೇಗ ಕರಗ್ತದೆ. ಬಿಟ್ಟ ಮೇಲೆ ಅಷ್ಟೇ ಕಾಫಿ ದುಪ್ಪಟ್ಟು ಹಿಡಿದ ಹಾಗೆ. ನನ್ನ ಅಪ್ಪ ಸಿಗರೇಟು ಬಿಟ್ಟು ಎಲೆ-ಅಡಿಕೆ-ಹೊಗೆಸೊಪ್ಪು ಹಿಡಿದರು. ನಾನು ಬೈದ ಮೇಲೆ ಹೊಗೆಸೊಪ್ಪು ಬಿಟ್ಟು ಬರೀ ಎಲೆ ಅಡಿಕೆ. ಆರು ವರ್ಷದಲ್ಲಿ ಬಾಯಿ ಎರಡು ಬೆರಳಿನಷ್ಟೇ ತೆರೆಯಲಿಕ್ಕೆ ಆದದ್ದು. ಅಡಿಕೆಯೇ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ, ಹೊಗೆಸೊಪ್ಪು ಇಲ್ಲದಿದ್ದರೂ.

ಮುಳ್ಳೇರಿಯದ ತೋಟದವ:
ಬಂತು ನೋಡಿ! ತಿರುಗಿಸಿ ತಿರುಗಿಸಿ ಕಡೆಗೆ ಅಡಿಕೆಯ ಬುಡಕ್ಕೇ ಕೊಡಲಿ. ಹಳದಿ ರೋಗ, ಎಲೆಚುಕ್ಕೆ, ಕೊಳೆರೋಗ ಸಾಲದು ಅಂತ ನಮ್ಮವರೇ ಹೀಗೆ ಬರೆದರೆ? ನನ್ನ ಅಜ್ಜಿ 91 ವರ್ಷ ಎಲೆ ತಿಂದೇ ಬದುಕಿದವರು. ನರ್ಸಮ್ಮ ತಿನ್ನುವ ಅನ್ನ ಯಾವ ತೋಟದ್ದು?

ನೀರ್ಚಾಲಿನ ನರ್ಸ್:
ಅಡಿಕೆ ತೋಟದ್ದೇ. ಒಂದೂವರೆ ಎಕರೆ. ಅಪ್ಪನ ಬಾಯಿಯೂ ಅದೇ ತೋಟದ್ದು.

ಗಲ್ಫ್ ಕಾಸ್ರೋಡು:
ಎಲ್ಲ ಬಿಡಿ, ವೇಪ್ (ಇ-ಸಿಗರೇಟು) ಹಿಡಿಯಿರಿ. ನಾನು ಶಾರ್ಜಾದಲ್ಲಿ ಅದರಿಂದಲೇ ಸಿಗರೇಟು ಬಿಟ್ಟದ್ದು. ಊರಿಗೆ ಬರುವಾಗ ನಾಲ್ಕು ತರ್ತೇನೆ, ಬೇಕಾದವರು ಹೇಳಿ.

ಸೀತಾಂಗೋಳಿ ಭಾವ:
ಇಲ್ಲಿ 2019ರಿಂದ ಇ-ಸಿಗರೇಟು ನಿಷೇಧ, ತರುವುದೂ ಅಪರಾಧ. ಸಿಗರೇಟು ಬಿಟ್ಟಿರಿ, ಸರಿ. ವೇಪ್ ಯಾವಾಗ ಬಿಡುವುದು?

ಗಲ್ಫ್ ಕಾಸ್ರೋಡು:
ಗಮ್ ಜಗಿಯುವವರು ಕೇಳಬೇಕಾದ ಪ್ರಶ್ನೆಯೇ.

ಸೀತಾಂಗೋಳಿ ಭಾವ:
ನಾನು ಗಮ್ ಬಿಟ್ಟು ಎರಡು ವರ್ಷ ಆಯ್ತು. ಬೇಕಾದರೆ ಡೈರಿಯ ಫೋಟೋ ಹಾಕ್ತೇನೆ.

ಉಪ್ಪಳದವ:
ನಾನು ಕೇಳಿದ್ದು 2 ಎಂ.ಜಿ.ಯಾ 4 ಎಂ.ಜಿ.ಯಾ ಅಂತ.

ನೀರ್ಚಾಲಿನ ನರ್ಸ್:
ಅಯ್ಯೋ ತಮ್ಮಾ, ಜಗಳದಲ್ಲಿ ಮರೆತೇ ಹೋಯ್ತು. ಎದ್ದು ಅರ್ಧ ಗಂಟೆಯೊಳಗೆ ಸೇದುವವರಿಗೆ 4. ಅದಕ್ಕೆ ಡಾಕ್ಟರ ಚೀಟಿ ಬೇಕು, 2 ಹಾಗೆಯೇ ಸಿಗ್ತದೆ. 1800-11-2356 ಉಚಿತ ನಂಬರು, ಬಿಡುವವರಿಗೆಂದೇ ಇರುವುದು. ಮೂರನೇ ದಿವಸ ಕಷ್ಟ ಅಂತ ನಿಮಗೇ ಗೊತ್ತುಂಟಲ್ಲ, ಆ ದಿವಸ ಫೋನ್ ಮಾಡಿ.

ಪೆರ್ಲದ ಹಳಬ:
4 ಎಂ.ಜಿ.! ಆಯ್ತು, ಜಗಿಯಲಿ. ಸ್ಟೆಂಟಿನ ದರ ಬೇಕಾದರೆ ನನ್ನನ್ನು ಕೇಳಿ.

ಮುಳ್ಳೇರಿಯದ ತೋಟದವ:
ನರ್ಸಮ್ಮ, ಅಪ್ಪ ಈಗ ಹೇಗಿದ್ದಾರೆ? ಊಟ ಮಾಡ್ತಾರಾ?

ನೀರ್ಚಾಲಿನ ನರ್ಸ್:
ಗಂಜಿ. ಸಣ್ಣ ಚಮಚದಲ್ಲಿ.