ಸಹಾಯ ಬೇಕು: ನಮ್ಮ ಶಾಪ್‌ನವರಿಗೆ ತರಬೇತಿ ಕೊಡಿಸಬೇಕಾಗೇತಿ

ನಮಸ್ಕಾರ್ರೀ. ಬೆಳಗಾವಿ ಉದ್ಯಮಬಾಗದ ಒಂದು ಮಷಿನ್ ಶಾಪ್‌ನ್ಯಾಗ ಸೂಪರ್‌ವೈಸರ್ ಅದೀನಿ. ಹೋದ ತಿಂಗಳು ಕಿವಿ ಕೇಳದ ಹುಡುಗ ಒಬ್ಬ ಲೇಥ್ ಕೆಲಸಕ್ಕ ಸೇರ್ಯಾನ. ಕೆಲಸ ಭಾಳ ಚೊಕ್ಕ. ಆದ್ರ ನಮ್ಮವರು ಹಿಂದಿಂದ ಕೂಗ್ತಾರ, ಓಗೊಡಲಿಲ್ಲಂದ್ರ ಹೆಗಲು ಹಿಡಿದು ಜಗ್ಗತಾರ. ತಿರುಗೋ ಮಷಿನ್ ಮುಂದ ಹಂಗ ಜಗ್ಗಿದ್ರ ಬೆರಳೇ ಹೋದೀತು! ಊಟದ ಗಂಟೆನೂ ಅವನಿಗೆ ತಿಳಿಯೋದಿಲ್ಲ; ನಿನ್ನೆ ಎಲ್ಲಾರೂ ಡಬ್ಬಿ ತೊಳೆದ ಮ್ಯಾಲೆ ಒಬ್ಬನೇ ಕುಂತು ಉಂಡ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 35ನೇ ಕಲಮಿನ್ಯಾಗ, ಕನಿಷ್ಠ 5% ಅಂಗವಿಕಲರಿಗೆ ಕೆಲಸ ಕೊಡೋ ಖಾಸಗಿಯವರಿಗೆ ಸರ್ಕಾರ ಪ್ರೋತ್ಸಾಹ ಕೊಡೋ ಮಾತೈತಿ. ಅವನೂ ಸೇರಿ ನಾವು ಇಪ್ಪತ್ತು ಮಂದಿ, ಅದ್ರಾಗ ಅವನೊಬ್ಬ. ಲೆಕ್ಕ ಸರಿ ಕೂಡತೈತಿ.

ಸನ್ನೆ ಭಾಷೆ, ಸುರಕ್ಷತೆ ಎರಡನ್ನೂ ಶಾಪಿಗೇ ಬಂದು ಕಲಿಸೋರು ಬೇಕು. ವಿಕಲಚೇತನರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಿಂದ ಯಾರಾದ್ರೂ ಇಂಥ ನೆರವು ಪಡೆದೀರೇನು? ಅರ್ಜಿ ಹೆಂಗ ಕೊಟ್ರಿ, ತಿಳಿಸ್ರೀ.