ಸಹಾಯ ಬೇಕು: ರಾಯಚೂರಿನ ಬಿಸಿಲು, ತಗಡಿನ ಮನೆ, 72 ವರ್ಷದ ಅವ್ವ

ಎಲ್ಲರಿಗೂ ನಮಸ್ಕಾರ. ನಮ್ಮದು ರಾಯಚೂರಿನಲ್ಲಿ ಬಾಡಿಗೆ ಮನೆ, ಮೇಲೆ ತಗಡು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಮಧ್ಯಾಹ್ನ ಫ್ಯಾನ್ ಹಾಕಿದರೆ ಒಲೆ ಮುಂದೆ ಕೂತ ಹಾಗೆ ಬಿಸಿ ಗಾಳಿ.

ಚಿಂತೆ ಅವ್ವನದು. ಬಿಪಿ ಮಾತ್ರೆ ತಗೊಳ್ಳುತ್ತಾರೆ. ಬಾಯಾರಿಕೆಯೇ ಆಗಲ್ಲ ಅಂತಾರೆ, ನೀರು ಕುಡಿಸುವುದೇ ದೊಡ್ಡ ಕೆಲಸ. ಮಜ್ಜಿಗೆ ಆದರೆ ಎರಡು ಲೋಟ ಹೋಗುತ್ತದೆ! ಮೊನ್ನೆ ತಲೆ ಸುತ್ತಿ ಕೂತುಬಿಟ್ಟರು. ಮಲಗಿಸಿ, ಕತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟ ಮೇಲೆ ಸುಧಾರಿಸಿಕೊಂಡರು. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ತಕ್ಷಣ 108ಕ್ಕೆ ಫೋನ್ ಮಾಡಬೇಕು ಅಂತ ಗೊತ್ತು. ಅಲ್ಲಿಯವರೆಗೆ ಹೋಗಬಾರದು ಅಲ್ವಾ?

ತಗಡಿನ ಮೇಲೆ ಸುಣ್ಣ ಬಳಿದವರು ಯಾರಾದರೂ ಇದ್ದೀರಾ? ಮೊದಲ ಮಳೆಗೇ ತೊಳೆದುಹೋಗುತ್ತಾ, ಇಲ್ಲ ಬಿಳಿ ಪೇಂಟೇ ಬೇಕಾ? ಒದ್ದೆ ಗೋಣಿಚೀಲ ಹಾಸೋಣ ಅಂದರೆ ನೀರಿಗೂ ಬರ. ಹಳೆ ಕೂಲರ್ ಒಂದು ಸಿಗುತ್ತಿದೆ. ನಮ್ಮ ಒಣ ಹವೆಗೆ ಕೂಲರ್ ಸರಿಯೇ, ಆದರೆ ಗಾಳಿ ಹೊರಗೆ ಹೋಗಲು ದಾರಿ ಬೇಕಲ್ಲ, ಇರುವುದು ಒಂದೇ ಕಿಟಕಿ. ಇಂಥ ಮನೆಯಲ್ಲಿ ಕೂಲರ್ ಇಟ್ಟವರು ಎಲ್ಲಿ ಕೂರಿಸಿದಿರಿ?

ಒಆರ್‌ಎಸ್‌ನಲ್ಲಿ ಉಪ್ಪಿರುವುದರಿಂದ ಅದನ್ನು ಡಾಕ್ಟರನ್ನೇ ಕೇಳುತ್ತೇನೆ. ಉಳಿದದ್ದಕ್ಕೆ ಅನುಭವ ಇದ್ದವರು ಹೇಳಿ. ಖರ್ಚು ಎಷ್ಟಾಯಿತು ಅಂತಲೂ ಬರೆಯಿರಿ, ಪ್ಲೀಸ್.